ಹಿತ್ತಲಿಗೆ ಹಲಸೋ, ಸಂಪಿಗೆಯೋ? ನೆಡುವ ಮೊದಲು ತಿಳಿಯಬೇಕಾದ ಸಂಗತಿಗಳು

ಮನೆ ಕಟ್ಟಿ ಮುಗಿದು ಹಿಂದೆಯೋ ಪಕ್ಕದಲ್ಲೋ ಸ್ವಲ್ಪ ಮಣ್ಣು ಉಳಿದಿದೆ ಎಂದಾಕ್ಷಣ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಒಬ್ಬರಿಗೆ ಹಣ್ಣಿನ ಮರ ಬೇಕು, ಇನ್ನೊಬ್ಬರಿಗೆ ಹೂವಿನ ಮರ. ನಮ್ಮಲ್ಲಿ ಈ ಚರ್ಚೆ ಹಲವು ಸಲ ಬಂದು ನಿಲ್ಲುವುದು ಹಲಸು ಮತ್ತು ಸಂಪಿಗೆಯ ಹತ್ತಿರ. ಎರಡೂ ಪಶ್ಚಿಮ ಘಟ್ಟದ ಕಾಡಿನಲ್ಲಿ ಸಹಜವಾಗಿ ಬೆಳೆಯುವ ಮರಗಳು. ಎರಡೂ ವರ್ಷವಿಡೀ ಹಸಿರಾಗಿರುತ್ತವೆ, ಎರಡಕ್ಕೂ ದೀರ್ಘ ಆಯುಸ್ಸು. ಎರಡರ ಸುತ್ತಲೂ ನಂಬಿಕೆಗಳಿಗೇನೂ ಕೊರತೆಯಿಲ್ಲ: ಸಂಪಿಗೆಯ ವಾಸನೆಗೆ ಹಾವು ಬರುತ್ತದೆ, ಹಲಸಿನ ಬೇರು ಮನೆಯನ್ನೇ ಎತ್ತುತ್ತದೆ, ರಾತ್ರಿ ಮರದ ಕೆಳಗೆ ಮಲಗಿದರೆ ಉಸಿರು ಕಟ್ಟುತ್ತದೆ ಎಂದೆಲ್ಲ ಹೇಳುವುದನ್ನು ಕೇಳಿರುತ್ತೇವೆ.

ಗುಲಾಬಿ ಕುಂಡವನ್ನು ಬೇಡವೆಂದಾಗ ಬದಲಾಯಿಸಬಹುದು. ಮರದ ವಿಷಯ ಹಾಗಲ್ಲ. ಇಂದು ಒಂದು ಅಡಿ ಎತ್ತರವಿರುವ ಸಸಿ ಇಪ್ಪತ್ತು ವರ್ಷಗಳ ನಂತರ ಮನೆಯ ಚಾವಣಿಯನ್ನು ದಾಟಿರುತ್ತದೆ. ಆಗ ತಪ್ಪು ಜಾಗದಲ್ಲಿ ನೆಟ್ಟೆವೆಂದು ಗೊತ್ತಾದರೆ ಉಳಿಯುವ ದಾರಿ ಕೊಡಲಿಯೊಂದೇ. ಆದ್ದರಿಂದ ಈ ಎರಡು ಮರಗಳ ಸ್ವಭಾವವೇನು, ನಂಬಿಕೆಗಳಲ್ಲಿ ನಿಜವೆಷ್ಟು, ಯಾರ ಜಾಗಕ್ಕೆ ಯಾವುದು ಹೊಂದುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಹಲಸು: ಕಾಂಡದಲ್ಲೇ ಕಾಯಿ ಬಿಡುವ ಮರ

ಹಲಸಿನ ವೈಜ್ಞಾನಿಕ ಹೆಸರು ಆರ್ಟೊಕಾರ್ಪಸ್ ಹೆಟೆರೋಫಿಲಸ್. ಇದು ಆಲ, ಅತ್ತಿ, ಹಿಪ್ಪುನೇರಳೆಗಳ ಕುಟುಂಬಕ್ಕೆ ಸೇರಿದೆ. ಮುರಿದ ಕಡೆಯೆಲ್ಲ ಹಾಲಿನಂಥ ಮೇಣ ಒಸರುವುದು ಈ ಕುಟುಂಬದ ಗುರುತು. ಮರ ಸಾಮಾನ್ಯವಾಗಿ 10ರಿಂದ 20 ಮೀಟರ್ ಎತ್ತರಕ್ಕೆ ಬೆಳೆದು ದಟ್ಟವಾಗಿ ಹರಡಿಕೊಳ್ಳುತ್ತದೆ.

ಮರದ ಮೇಲೆ ಬಿಡುವ ಹಣ್ಣುಗಳಲ್ಲಿ ಹಲಸಿನದ್ದೇ ದೊಡ್ಡ ಗಾತ್ರ. 5ರಿಂದ 15 ಕೆ.ಜಿ. ತೂಗುವ ಹಣ್ಣು ಮಾಮೂಲಿ, ಅದಕ್ಕಿಂತ ಎಷ್ಟೋ ಭಾರದ ಹಣ್ಣುಗಳೂ ಬಿಡುತ್ತವೆ. ಇಷ್ಟು ಭಾರವನ್ನು ಮಾವಿನಂತೆ ರೆಂಬೆಯ ತುದಿಯಲ್ಲಿ ಹೊರಲು ಆಗದು. ಹಲಸು ಕಾಂಡದಲ್ಲಿ ಮತ್ತು ದಪ್ಪ ಕೊಂಬೆಗಳಲ್ಲಿ ಹೂ ಬಿಡುತ್ತದೆ. ಹಳೆಯ ಮರಗಳಲ್ಲಿ ನೆಲಕ್ಕೆ ತಾಗುವಷ್ಟು ಕೆಳಗೂ ಕಾಯಿ ಕಾಣಿಸುವುದುಂಟು.

ನಾವು ಒಂದು ಹಣ್ಣು ಎನ್ನುವ ಹಲಸು ವಾಸ್ತವದಲ್ಲಿ ನೂರಾರು ಹೂಗಳ ಗುಂಪು. ಒಂದೊಂದು ತೊಳೆಯೂ ಒಂದೊಂದು ಹೂವಿನಿಂದ ಆದದ್ದು. ಪರಾಗ ಸಿಕ್ಕದ ಹೂಗಳು ತೊಳೆಗಳ ನಡುವಿನ ನಾರಿನಂಥ ಎಸಳುಗಳಾಗಿ ಉಳಿಯುತ್ತವೆ. ಹಣ್ಣಿನಲ್ಲಿ ತೊಳೆ ಕಡಿಮೆ, ನಾರೇ ಹೆಚ್ಚು ಎಂದರೆ ಪರಾಗಸ್ಪರ್ಶ ಸರಿಯಾಗಿ ಆಗಿಲ್ಲವೆಂದು ತಿಳಿಯಬಹುದು.

ಹಲಸು ನೆಟ್ಟವರನ್ನು ಹೆದರಿಸುವ ಒಂದು ಸಂಗತಿಯಿದೆ. ಪುಟ್ಟ ಮಿಡಿಗಳಂತೆ ಕಾಣುವ ಹಲವು ಕಪ್ಪಾಗಿ, ಬೂಷ್ಟು ಹಿಡಿದು ಉದುರುತ್ತವೆ. ಮರಕ್ಕೆ ರೋಗ ಬಂತೆಂದು ಔಷಧಿ ತರಲು ಹೊರಡುವವರಿದ್ದಾರೆ. ಒಂದೇ ಹಲಸಿನ ಮರದಲ್ಲಿ ಗಂಡು ಹೂಗೊಂಚಲು ಮತ್ತು ಹೆಣ್ಣು ಹೂಗೊಂಚಲು ಬೇರೆ ಬೇರೆಯಾಗಿ ಬಿಡುತ್ತವೆ. ಗಂಡು ಗೊಂಚಲು ಪರಾಗ ಚೆಲ್ಲಿದ ಮೇಲೆ ಕೊಳೆತು ಬೀಳುವುದು ಸಹಜ. ಹೆಣ್ಣು ಗೊಂಚಲಿನ ತೊಟ್ಟು ದಪ್ಪವಾಗಿದ್ದು ಬುಡದಲ್ಲಿ ಬಳೆಯಂಥ ಅಂಚು ಇರುತ್ತದೆ. ಅವು ಗಟ್ಟಿಯಾಗಿ ಉಳಿದಿದ್ದರೆ ಚಿಂತೆ ಬೇಡ. ಉದುರಿದ್ದನ್ನು ಗುಡಿಸಿ ತೆಗೆದರೆ ಸಾಕು, ಬೂಷ್ಟು ಎಳೆಕಾಯಿಗೆ ಹರಡುವುದು ತಪ್ಪುತ್ತದೆ.

ಸಂಪಿಗೆ: ಜೀರುಂಡೆಗಳ ಕಾಲದ ಹೂವು

ಸಂಪಿಗೆಯನ್ನು ಹಿಂದೆ ಮೈಕೇಲಿಯ ಚಂಪಕ ಎನ್ನುತ್ತಿದ್ದರು. ಈಗ ವಿಜ್ಞಾನಿಗಳು ಅದನ್ನು ಮ್ಯಾಗ್ನೋಲಿಯ ಚಂಪಕ ಎಂದು ಕರೆಯುತ್ತಾರೆ. ಹಳದಿ ಹೂವಿನದ್ದು, ಕೆಂಡದ ಬಣ್ಣಕ್ಕೆ ತಿರುಗುವ ಕೆಂಡಸಂಪಿಗೆ ಎಲ್ಲವೂ ಇದೇ ಜಾತಿ. ನರ್ಸರಿಗಳಲ್ಲಿ ಸಿಗುವ ಬಿಳಿ ಸಂಪಿಗೆ ಸಾಮಾನ್ಯವಾಗಿ ಇದರ ಮಿಶ್ರತಳಿ. ಅದು ಬೀಜ ಕಟ್ಟುವುದು ಅಪರೂಪವಾದ್ದರಿಂದ ಕಸಿ ಮಾಡಿಯೇ ಬೆಳೆಸುತ್ತಾರೆ.

ಹೆಸರಿನ ಗೊಂದಲವೊಂದನ್ನು ಇಲ್ಲೇ ಬಿಡಿಸಿಬಿಡೋಣ. ನಾಗಸಂಪಿಗೆ ಬೇರೆಯೇ ಕುಟುಂಬದ, ಕಬ್ಬಿಣದಂಥ ಗಟ್ಟಿ ಕಟ್ಟಿಗೆಯ ಮರ. ಗುಡಿಗಳ ಅಂಗಳದಲ್ಲಿ ಕಾಣುವ, ಮುರಿದರೆ ಹಾಲು ಬರುವ ದೇವಕಣಗಿಲೆಯನ್ನೂ ಕೆಲವು ಕಡೆ ಕಾಡುಸಂಪಿಗೆ ಎನ್ನುತ್ತಾರೆ, ಅದು ಕಣಗಿಲೆಯ ಬಳಗ. ಸೀತಾಫಲದ ಬಳಗದ ಮನೋರಂಜಿನಿಗೂ ಸಂಪಿಗೆಯ ಹೆಸರು ಅಂಟಿದೆ. ಸಸಿ ಕೊಳ್ಳುವಾಗ ಬರೇ ಸಂಪಿಗೆ ಎನ್ನದೆ ಯಾವ ಸಂಪಿಗೆ ಎಂದು ಕೇಳಿ.

ಸಂಪಿಗೆ ಎಷ್ಟು ದೊಡ್ಡದಾಗಬಲ್ಲದು? ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೋಲಿಗರು ಪೂಜಿಸುವ ‘ದೊಡ್ಡ ಸಂಪಿಗೆ’ ಮರವನ್ನು ನೋಡಿದವರಿಗೆ ಉತ್ತರ ಗೊತ್ತು. ಅದರ ಬುಡವನ್ನು ತಬ್ಬಲು ಹಲವರ ಕೈ ಸೇರಬೇಕು. ಕಾಡಿನಲ್ಲಿ 30 ಮೀಟರ್ ದಾಟುವುದು ಈ ಮರಕ್ಕೆ ಕಷ್ಟವಲ್ಲ. ಊರಿನ ತೋಟಗಳಲ್ಲಿ ಅಷ್ಟು ಬೆಳೆಯದಿದ್ದರೂ, ಸಂಪಿಗೆ ಎಂದರೆ ಸಣ್ಣ ಹೂಗಿಡ ಎಂದುಕೊಂಡು ಕಾಂಪೌಂಡಿಗೆ ಒತ್ತಿ ನೆಡುವುದು ಸರಿಯಲ್ಲ.

ಮ್ಯಾಗ್ನೋಲಿಯ ಕುಟುಂಬ ಬಹಳ ಪುರಾತನವಾದದ್ದು. ಇದರ ಹೂಗಳಲ್ಲಿ ಮಕರಂದ ಇಲ್ಲವೆನ್ನುವಷ್ಟು ಕಡಿಮೆ. ಪರಾಗ ತಿನ್ನಲು ಬರುವ ಜೀರುಂಡೆಗಳನ್ನು ಅವು ನೆಚ್ಚಿಕೊಂಡಿವೆ. ದುಂಬಿ ಸಂಪಿಗೆಯ ಹತ್ತಿರ ಸುಳಿಯುವುದಿಲ್ಲ ಎಂದು ನಮ್ಮ ಹಳೆಯ ಕವಿಗಳು ಮತ್ತೆ ಮತ್ತೆ ಹೇಳಿದ್ದಾರೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ಜೇನಿಗೆ ಬೇಕಾದ ಮಕರಂದವೇ ಇಲ್ಲದ ಮೇಲೆ ಅದು ಗುಂಪು ಕಟ್ಟಿ ಬರುವುದೇಕೆ? ಆದರೆ ಪರಾಗಕ್ಕಾಗಿ ಜೇನು ಒಮ್ಮೊಮ್ಮೆ ಬಂದು ಕುಳಿತರೆ ಅಚ್ಚರಿಪಡಬೇಕಿಲ್ಲ.

ಸುವಾಸನೆ ಒಂದೇ ವಸ್ತುವಿನಿಂದ ಬರುವುದಲ್ಲ. ಮಿಥೈಲ್ ಬೆಂಜೊಯೇಟ್, ಇಂಡೋಲ್, ಫಿನೈಲ್ ಈಥೈಲ್ ಆಲ್ಕೋಹಾಲ್, ಅಯೋನೋನ್ ಮೊದಲಾದ ಹಲವು ಆವಿಶೀಲ ವಸ್ತುಗಳು ಅದರಲ್ಲಿ ಬೆರೆತಿವೆ. ಅಯೋನೋನ್ ಉಂಟಾಗುವುದು ಕ್ಯಾರೊಟಿನಾಯ್ಡ್ ಎಂಬ ಹಳದಿ-ಕೇಸರಿ ವರ್ಣದ್ರವ್ಯ ಒಡೆದಾಗ. ಹೂವಿನ ಬಣ್ಣಕ್ಕೂ ಪರಿಮಳಕ್ಕೂ ಹೀಗೊಂದು ನಂಟಿದೆ.

ನಂಬಿಕೆಗಳು: ನಿಜವೆಷ್ಟು?

*ಸಂಪಿಗೆಯ ಪರಿಮಳಕ್ಕೆ ಹಾವು ಬರುತ್ತದೆಯೇ?*

ಹಾವು ನಾಲಿಗೆ ಚಾಚಿ ಗಾಳಿಯಲ್ಲಿನ ಕಣಗಳನ್ನು ಹಿಡಿದು, ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್‌ಸನ್ ಅಂಗಕ್ಕೆ ಒಯ್ದು ವಾಸನೆ ಗುರುತಿಸುತ್ತದೆ. ಅದಕ್ಕೆ ಬೇಕಿರುವುದು ಇಲಿ, ಕಪ್ಪೆ, ಹಲ್ಲಿಗಳ ಜಾಡು ಮತ್ತು ಸಂಗಾತಿಯ ಜಾಡು. ಹೂವಿನ ಪರಿಮಳದಿಂದ ಅದಕ್ಕೆ ಏನೂ ಸಿಗದು. ಮರದ ಬುಡದಲ್ಲಿ ತರಗೆಲೆ ರಾಶಿ, ಕಲ್ಲುಗುಂಪೆ, ಇಲಿಬಿಲ ಇದ್ದರೆ ಹಾವು ಬರಬಹುದು, ಅದು ಯಾವ ಮರವಾದರೂ ಸರಿ. ಹಾಗೆ ನೋಡಿದರೆ, ಬಿದ್ದ ಹಣ್ಣು ಕೊಳೆತು ಇಲಿಗಳು ಸೇರುವ ಹಲಸಿನ ಬುಡವೇ ಹಾವಿಗೆ ಹೆಚ್ಚು ಅನುಕೂಲದ ಜಾಗ. ಪರಿಹಾರ ಎರಡಕ್ಕೂ ಒಂದೇ, ಬುಡವನ್ನು ಚೊಕ್ಕಟವಾಗಿ ಇಡುವುದು.

*ರಾತ್ರಿ ಮರದ ಕೆಳಗೆ ಉಸಿರು ಕಟ್ಟುತ್ತದೆಯೇ?*

ರಾತ್ರಿ ಮರಗಳು ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ ಎಂಬುದು ನಿಜ. ಮನುಷ್ಯನೂ ಬಿಡುತ್ತಾನೆ, ದಿನಕ್ಕೆ ಸುಮಾರು 1 ಕೆ.ಜಿ.ಯಷ್ಟು. ಆದರೂ ಒಂದೇ ಕೋಣೆಯಲ್ಲಿ ನಾಲ್ವರು ಮಲಗಿ ಬೆಳಿಗ್ಗೆ ಎದ್ದು ಬರುತ್ತೇವೆ. ಬಯಲಿನ ಗಾಳಿಯಲ್ಲಿ ಎಲೆಗಳು ಬಿಟ್ಟದ್ದು ಆಗಲೇ ಚದುರಿಹೋಗುತ್ತದೆ. ಮರದ ಕೆಳಗೆ ಮಲಗಬೇಡಿ ಎಂಬ ಹಿರಿಯರ ಮಾತಿಗೆ ಬೇರೆ ಕಾರಣಗಳು ಸಾಲುತ್ತವೆ: ಕತ್ತಲಲ್ಲಿ ಬೀಳುವ ಕೊಂಬೆ, ಹುಳುಹುಪ್ಪಟೆ, ಹಲಸಿನ ಕೆಳಗಾದರೆ ಹಣ್ಣು. 5 ಮೀಟರ್ ಎತ್ತರದಿಂದ ಬೀಳುವ ಹಣ್ಣು ನೆಲ ಮುಟ್ಟುವಾಗ ಗಂಟೆಗೆ ಸುಮಾರು 35 ಕಿ.ಮೀ. ವೇಗದಲ್ಲಿರುತ್ತದೆ. 10 ಕೆ.ಜಿ.ಯ ಹಣ್ಣು ಆ ವೇಗದಲ್ಲಿ ತಲೆಯ ಮೇಲೋ ಕಾರಿನ ಗಾಜಿನ ಮೇಲೋ ಬಿದ್ದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಮಕ್ಕಳು ಆಡುವ ಜಾಗ, ಗಾಡಿ ನಿಲ್ಲಿಸುವ ಜಾಗದ ಮೇಲೆ ಹಲಸಿನ ಕೊಂಬೆ ಚಾಚಬಾರದು.

*ಹಲಸಿನ ಬೇರು ಮನೆಯನ್ನು ಎತ್ತುತ್ತದೆಯೇ?*

ಬೇರು ಗಟ್ಟಿ ಕಾಂಕ್ರೀಟನ್ನು ಹುಡುಕಿಕೊಂಡು ಹೋಗಿ ಒಡೆಯುವುದಿಲ್ಲ. ಅದು ನೀರು, ಗಾಳಿ, ಸಡಿಲ ಮಣ್ಣು ಸಿಕ್ಕ ಕಡೆ ಹರಿಯುತ್ತದೆ. ಸೋರುವ ಪೈಪು, ಬಿರುಕು ಬಿಟ್ಟ ಚರಂಡಿ ಸಿಕ್ಕರೆ ಒಳಗೆ ನುಗ್ಗಿ ದಪ್ಪವಾಗುತ್ತದೆ. ಮರದ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು ಮೀಟರ್ ಮಣ್ಣಿನಲ್ಲೇ ಇದ್ದು, ನೆರಳಿನ ವ್ಯಾಪ್ತಿಯನ್ನೂ ದಾಟಿ ಹರಡುತ್ತವೆ. ಆಳದ ಪಾಯವಿಲ್ಲದ ಕಾಂಪೌಂಡ್ ಗೋಡೆ, ಅಂಗಳದ ಟೈಲ್ಸು, ನೀರಿನ ಸಂಪು ಇವಕ್ಕೆ ಮೊದಲ ಪೆಟ್ಟು. ಎರೆಮಣ್ಣಿನಲ್ಲಿ ಇನ್ನೊಂದು ತೊಂದರೆಯಿದೆ: ಮರ ನೀರು ಹೀರಿದಾಗ ಮಣ್ಣು ಕುಗ್ಗುತ್ತದೆ, ಮಳೆ ಬಂದಾಗ ಹಿಗ್ಗುತ್ತದೆ, ಗೋಡೆ ಬಿರುಕು ಬಿಡುತ್ತದೆ. ಈ ಮಾತು ಹಲಸಿಗಷ್ಟೇ ಅಲ್ಲ, ಸಂಪಿಗೆಗೂ ಅನ್ವಯಿಸುತ್ತದೆ. ಮನೆಯ ಗೋಡೆಯಿಂದ ಹಲಸನ್ನು ಕನಿಷ್ಠ 25 ಅಡಿ, ಸಂಪಿಗೆಯನ್ನು 20 ಅಡಿ ದೂರದಲ್ಲಿ ನೆಡಿ ಎಂಬುದು ನಮ್ಮ ಸಲಹೆ.

*ಸಂಪಿಗೆಯಿಂದ ಅಲರ್ಜಿ ಬರುತ್ತದೆಯೇ?*

ಹೂವಿನ ಅಲರ್ಜಿ ಎಂದು ನಾವು ಹೇಳುವುದರಲ್ಲಿ ಹೆಚ್ಚಿನದು ಗಾಳಿಯಲ್ಲಿ ತೇಲುವ ಹುಲ್ಲು, ಕಳೆಗಳ ಪರಾಗದಿಂದ ಬರುವಂಥದ್ದು. ಕೀಟಗಳನ್ನು ನೆಚ್ಚಿಕೊಂಡ ಸಂಪಿಗೆಯ ಪರಾಗ ಹಾಗೆ ಗಾಳಿಯಲ್ಲಿ ದೂರ ತೇಲುವುದಿಲ್ಲ. ಆದರೆ ಗಾಢ ಪರಿಮಳವೇ ಮೈಗ್ರೇನ್ ಇರುವವರಿಗೆ ತಲೆನೋವು ತರಬಹುದು, ಆಸ್ತಮಾ ಇರುವ ಕೆಲವರಿಗೆ ಕಿರಿಕಿರಿ ಮಾಡಬಹುದು. ಅಂಥವರು ಮನೆಯಲ್ಲಿದ್ದರೆ ಮಲಗುವ ಕೋಣೆಯ ಕಿಟಕಿಯ ಪಕ್ಕ ಸಂಪಿಗೆ ಬೇಡ.

*ಮೊಳೆ ಹೊಡೆದರೆ ಮರ ಕಾಯಿ ಬಿಡುತ್ತದೆಯೇ?*

ಎಷ್ಟೋ ವರ್ಷವಾದರೂ ಫಲ ಬಿಡದ ಮರಕ್ಕೆ ಮೊಳೆ ಹೊಡೆಯುವುದು, ಕತ್ತಿಯಿಂದ ಕಚ್ಚು ಹಾಕುವುದು ಹಳೆಯ ರೂಢಿ. ತೊಗಟೆಗೆ ಗಾಯವಾದಾಗ ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯುವುದಕ್ಕೆ ತಡೆಯಾಗಿ, ಕೆಲವು ಸಲ ಹೂ ಬಿಡಲು ಪ್ರಚೋದನೆ ಸಿಗುವುದುಂಟು. ಆದರೆ ಮೊಳೆಯಿಂದ ಆಗುವ ತೂತು ಶಿಲೀಂಧ್ರಕ್ಕೂ ಕಾಂಡಕೊರಕ ಹುಳುವಿಗೂ ಬಾಗಿಲಾಗುತ್ತದೆ. ಫಲ ಬಿಡದಿರಲು ನೆರಳು, ಅತಿಯಾದ ಸಾರಜನಕ ಗೊಬ್ಬರ, ಇಲ್ಲವೇ ಮರಕ್ಕಿನ್ನೂ ವಯಸ್ಸಾಗದಿರುವುದು ಕಾರಣವಾಗಿರಬಹುದು. ಮೊದಲು ಅದನ್ನು ನೋಡಿ.

ಹಲಸಿನ ಹಣ್ಣಿನ ಲಾಭ ಮತ್ತು ಹೊರೆ

ಮಾಗಿದ ತೊಳೆ 100 ಗ್ರಾಂನಲ್ಲಿ ಸುಮಾರು 95 ಕಿಲೊ ಕ್ಯಾಲೊರಿ, 23 ಗ್ರಾಂ ಶರ್ಕರಪಿಷ್ಟ, 450 ಮಿಲಿಗ್ರಾಂನಷ್ಟು ಪೊಟ್ಯಾಸಿಯಂ, 14 ಮಿಲಿಗ್ರಾಂ ಸಿ ಜೀವಸತ್ವ ಇರುತ್ತವೆ. ಶಕ್ತಿಯಲ್ಲಿ ಬಾಳೆಹಣ್ಣಿಗೆ ಹತ್ತಿರ. ಎಳೆಗುಜ್ಜೆಯಲ್ಲಿ ಸಕ್ಕರೆ ಕಡಿಮೆ, ಆದ್ದರಿಂದ ಪಲ್ಯವಾಗಿ ತಿನ್ನುವುದಕ್ಕೂ ಹಣ್ಣಾಗಿ ತಿನ್ನುವುದಕ್ಕೂ ವ್ಯತ್ಯಾಸವಿದೆ. ಹಲಸು ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತದೆ ಎಂಬ ಮಾತನ್ನು ನಂಬಿ ಮಾತ್ರೆ ಬಿಡಬೇಡಿ. ಮಧುಮೇಹಿಗಳು ಮಾಗಿದ ತೊಳೆಯನ್ನು ಲೆಕ್ಕವಿಟ್ಟೇ ತಿನ್ನಬೇಕು. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಿಗೊಳಿಸಿರುವವರು ವೈದ್ಯರನ್ನು ಕೇಳದೆ ತಿನ್ನಬಾರದು. ಬೀಜವನ್ನು ಹಸಿಯಾಗಿ ತಿನ್ನಬೇಡಿ. ಅದರಲ್ಲಿ ಪ್ರೊಟೀನಿನ ಜೀರ್ಣಕ್ಕೆ ಅಡ್ಡಿ ಮಾಡುವ ವಸ್ತುಗಳಿವೆ, ಬೇಯಿಸಿದರೆ ಅವು ನಿಷ್ಕ್ರಿಯವಾಗುತ್ತವೆ.

ಹೊರೆ ಯಾವುದು? ಬಲಿತ ಮರ ಒಂದೇ ಹಂಗಾಮಿನಲ್ಲಿ 50 ಕಾಯಿ ಕೊಟ್ಟಿತು, ಒಂದೊಂದೂ 8 ಕೆ.ಜಿ. ಎಂದಿಟ್ಟುಕೊಳ್ಳಿ. 400 ಕೆ.ಜಿ. ಹಣ್ಣು ಬೇಸಿಗೆಯ ಕೊನೆ ಮತ್ತು ಮಳೆಯ ಆರಂಭದ ಕೆಲವೇ ವಾರಗಳಲ್ಲಿ ಕೈಗೆ ಬರುತ್ತದೆ. ನಾಲ್ಕು ಜನರ ಮನೆ ಅದನ್ನು ತಿಂದು ಮುಗಿಸುವುದಿಲ್ಲ. ಎಳೆಯದರಲ್ಲೇ ಗುಜ್ಜೆಯಾಗಿ ಕಿತ್ತು ಪಲ್ಯ, ಹುಳಿ ಮಾಡುವುದು, ಬಲಿತ ಕಾಯಿಯಿಂದ ಹಪ್ಪಳ, ಚಿಪ್ಸು, ಉಪ್ಪು ಸೊಳೆ ಮಾಡುವುದು, ನೆರೆಹೊರೆಗೆ ಹಂಚುವುದು ಇವೆಲ್ಲ ಗೊತ್ತಿರುವ ಮನೆಗೆ ಹಲಸು ವರ. ಕೈಗೆ ಎಣ್ಣೆ ಸವರಿಕೊಂಡು ಮೇಣದ ಜತೆ ಗುದ್ದಾಡಲು ಯಾರೂ ಇಲ್ಲದ ಮನೆಯಲ್ಲಿ ಅದೇ ಹಲಸು ಕೊಳೆತು ನೊಣ ಮುತ್ತುವ ರಾಶಿಯಾಗುತ್ತದೆ.

ಇನ್ನೊಂದು ಮಾತು ಕಾಡಂಚಿನ ಊರುಗಳಿಗೆ. ಆನೆಗೆ ಹಲಸಿನ ಹಣ್ಣೆಂದರೆ ಬಲು ಇಷ್ಟ. ಕೊಡಗು, ಸಕಲೇಶಪುರದ ಕಡೆ ಹಣ್ಣಿನ ಕಾಲದಲ್ಲಿ ಆನೆಗಳು ಕಾಫಿ ತೋಟಕ್ಕೆ ಇಳಿಯಲು ಇದೂ ಒಂದು ಕಾರಣ. ಆನೆ ಓಡಾಡುವ ಊರಿನಲ್ಲಿ ಮನೆಯ ಬಾಗಿಲಿಗೆ ಹತ್ತಿರ ಹೊಸದಾಗಿ ಹಲಸು ನೆಡುವುದು ಪ್ರಾಣಕ್ಕೇ ಅಪಾಯ. ಇರುವ ಮರದ ಕಾಯಿಗಳನ್ನಾದರೂ ಹಣ್ಣಾಗುವ ಮೊದಲೇ ಇಳಿಸಬೇಕು.

ಸಂಪಿಗೆಯ ಲಾಭ ಮತ್ತು ಹೊರೆ

ಸಂಪಿಗೆ ತಿನ್ನಲು ಏನನ್ನೂ ಕೊಡುವುದಿಲ್ಲ. ಆದರೆ ಮುಡಿಗೆ, ದೇವರಿಗೆ ಹೂವು, ಅಂಗಳಕ್ಕೆ ಪರಿಮಳ, ಬೇಸಿಗೆಗೆ ನೆರಳು ಸಿಗುತ್ತದೆ. ಬಿರಿದ ಹೂವು ಒಂದೆರಡು ದಿನಗಳಲ್ಲಿ ಕಂದುತ್ತದೆ. ಉದುರಿದ ಎಸಳನ್ನು ಗುಡಿಸುವುದಷ್ಟೇ ಕೆಲಸ, ಕೊಳೆತು ನಾರುವ ಭಯವಿಲ್ಲ. ಬೀಜದ ಮೇಲಿನ ಕೆಂಪು ತಿರುಳಿಗೆ ಹಕ್ಕಿಗಳು ಬರುತ್ತವೆ. ಎಲೆಗಳನ್ನು ಹಸಿರು ಚುಕ್ಕೆಯ ರೆಕ್ಕೆಗಳಿರುವ ‘ಟೈಲ್ಡ್ ಜೇ’ ಚಿಟ್ಟೆಯ ಮರಿಹುಳುಗಳು ತಿನ್ನುತ್ತವೆ. ಅಲ್ಲಲ್ಲಿ ತೂತಾದ ಎಲೆ ಕಂಡು ವಿಷ ಸಿಂಪಡಿಸಬೇಡಿ, ಮರಕ್ಕೆ ಅದರಿಂದ ನಷ್ಟವಿಲ್ಲ.

ತೊಂದರೆ ಎಂದರೆ ನೀರು. ಬೇರೂರಿದ ಹಲಸು ತುಮಕೂರು, ಕೋಲಾರದಂಥ ಒಣ ಬಯಲಿನಲ್ಲೂ ತಾಳಿಕೊಳ್ಳುತ್ತದೆ. ಸಂಪಿಗೆಗೆ ತೇವ ಬೇಕು. ಎಳೆಯ ಮರ ಬೇಸಿಗೆಯಲ್ಲಿ ನೀರಿಲ್ಲದೆ ಸೊರಗುತ್ತದೆ. ಹಾಗೆಂದು ನೀರು ನಿಲ್ಲುವ ಜಾಗವೂ ಆಗದು, ಅಲ್ಲಿ ಎರಡು ಮರಗಳ ಬೇರೂ ಕೊಳೆಯುತ್ತವೆ.

ಒಂದೇ ನೋಟದಲ್ಲಿ

- ಫಲಕ್ಕೆ ಕಾಯುವುದು: ಬೀಜದ ಹಲಸು 5ರಿಂದ 8 ವರ್ಷ ಅಥವಾ ಹೆಚ್ಚು, ಕಸಿ ಹಲಸು 3ರಿಂದ 5 ವರ್ಷ. ಬೀಜದ ಸಂಪಿಗೆ 8ರಿಂದ 10 ವರ್ಷ, ಕಸಿ ಸಂಪಿಗೆ 2ರಿಂದ 3 ವರ್ಷ.
- ಹರವು: ಹಲಸು ಅಗಲಕ್ಕೆ ಹರಡುತ್ತದೆ. ಸಂಪಿಗೆ ನೇರವಾಗಿ ಮೇಲೇರುತ್ತದೆ.
- ನೀರು: ಹಲಸಿಗೆ ಮೊದಲ ಎರಡು-ಮೂರು ಬೇಸಿಗೆ ಸಾಕು. ಸಂಪಿಗೆಗೆ ಮುಂದೆಯೂ ಬೇಕು.
- ಕೆಲಸ: ಹಲಸಿಗೆ ವರ್ಷದಲ್ಲಿ ಎರಡು ತಿಂಗಳು ಹೆಚ್ಚು. ಸಂಪಿಗೆಗೆ ವರ್ಷವಿಡೀ ಸ್ವಲ್ಪ ಸ್ವಲ್ಪ.
- ಅಪಾಯ: ಹಲಸಿಗೆ ಬೀಳುವ ಹಣ್ಣು, ಮಂಗ, ಆನೆ. ಸಂಪಿಗೆಗೆ ಎತ್ತರದ ಕೊಂಬೆ, ಕರೆಂಟಿನ ತಂತಿ.

ಯಾರಿಗೆ ಯಾವುದು?

ನಿಮ್ಮದು 30×40 ಅಡಿಯ ಸೈಟಾಗಿದ್ದರೆ ಎರಡೂ ಬೇಡ. ಮನೆ ಕಟ್ಟಿದ ಮೇಲೆ ಉಳಿಯುವ ನಾಲ್ಕೈದು ಅಡಿಯಲ್ಲಿ ಈ ಮರಗಳು ಹಿಡಿಯುವುದಿಲ್ಲ. ಪರಿಮಳಕ್ಕೆ ಪಾರಿಜಾತ, ಹಣ್ಣಿಗೆ ಸೀಬೆಯೋ ನಿಂಬೆಯೋ ಸಾಕು. ಸಂಪಿಗೆಯೇ ಬೇಕೆಂದರೆ ಕಸಿ ಗಿಡವನ್ನು ದೊಡ್ಡ ಡ್ರಮ್ಮಿನಲ್ಲಿಟ್ಟು ಸವರುತ್ತಾ ಬೆಳೆಸಬಹುದು. ಹಲಸಿಗೆ ಆ ದಾರಿಯಿಲ್ಲ.

60×80 ಅಡಿಯಂಥ ಜಾಗವಿದ್ದು ಒಂದು ಮೂಲೆ ಖಾಲಿಯಿದ್ದರೆ ಒಂದು ಮರ ಸಾಧ್ಯ. ಹಣ್ಣನ್ನು ಬಳಸುವ ಕೈಗಳು ಮನೆಯಲ್ಲಿದ್ದರೆ ಹಲಸು, ಇಲ್ಲವಾದರೆ ಸಂಪಿಗೆ. ಮನೆಯವರೆಲ್ಲ ಬೆಳಿಗ್ಗೆ ಹೋಗಿ ಸಂಜೆ ಬರುವಂತಿದ್ದರೆ ನಮ್ಮ ಮತ ಸಂಪಿಗೆಗೆ. ಕಾಲೆಕರೆಗಿಂತ ಹೆಚ್ಚು ಜಾಗವಿರುವವರು ಎರಡನ್ನೂ ನೆಡಬಹುದು, ನಡುವೆ 30 ಅಡಿಯಾದರೂ ಅಂತರವಿರಲಿ.

ಹಲಸು ನೆಡುವವರು ಬೀಜಕ್ಕಿಂತ ಕಸಿ ಗಿಡ ಆರಿಸಿಕೊಳ್ಳಿ. ತಿಂದ ಹಣ್ಣು ಎಷ್ಟೇ ಸಿಹಿಯಾಗಿದ್ದರೂ ಅದರ ಬೀಜದ ಗಿಡ ತಾಯಿಯಂತೆಯೇ ಇರುತ್ತದೆಂಬ ಭರವಸೆಯಿಲ್ಲ. ಪರಾಗ ಬೇರೆ ಮರದ್ದಾಗಿರಬಹುದು, ಬಕ್ಕೆಯ ಬೀಜದಿಂದ ಅಂಬಲಿ ಹಲಸು ಬರಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿದ ‘ಸಿದ್ದು’ ಹಲಸು ತುಮಕೂರು ಜಿಲ್ಲೆಯ ರೈತರೊಬ್ಬರ ಮರದ್ದು. ತೊಳೆ ತಾಮ್ರಗೆಂಪು, ಹಣ್ಣು ಸರಾಸರಿ ಎರಡೂವರೆ ಕೆ.ಜಿ. ಮಾತ್ರ. ಒಂದೇ ಹೊತ್ತಿಗೆ ಮುಗಿಯುವ ಇಂಥ ಸಣ್ಣ ಹಣ್ಣು ಮನೆತೋಟಕ್ಕೆ ಹೇಳಿ ಮಾಡಿಸಿದ್ದು.

ನೆಡುವಾಗ ಇಷ್ಟು ನೆನಪಿರಲಿ

ಮುಂಗಾರಿನ ಮೊದಲ ಮಳೆಗಳಾದ ಮೇಲೆ ಎರಡರಿಂದ ಮೂರಡಿ ಆಳ-ಅಗಲದ ಗುಂಡಿಯಲ್ಲಿ ಮೇಲ್ಮಣ್ಣು, ಕೊಳೆತ ಗೊಬ್ಬರ ಬೆರೆಸಿ ನೆಡಿ. ಕಸಿ ಕಟ್ಟಿದ ಗಂಟು ಮಣ್ಣಿನ ಮೇಲೇ ಇರಬೇಕು. ಗಂಟಿನ ಕೆಳಗೆ ಚಿಗುರಿದ್ದನ್ನು ಚಿವುಟಿ ಹಾಕಿ, ಬಿಟ್ಟರೆ ಕಾಡುಗಿಡವೇ ಮೇಲಾಗುತ್ತದೆ. ಹಲಸಿನ ತಾಯಿಬೇರು ಸೂಕ್ಷ್ಮ, ಪ್ಲಾಸ್ಟಿಕ್ ಚೀಲದೊಳಗೆ ಬೇರು ಸುತ್ತಿಕೊಂಡಿರುವ ಹಳೆಯ ಸಸಿ ಕೊಳ್ಳಬೇಡಿ.

ಹಲಸು ಕಾಂಡದಲ್ಲೇ ಕಾಯಿ ಬಿಡುವುದರಿಂದ ಎಳೆಯ ವಯಸ್ಸಿನಲ್ಲೇ ತುದಿ ಕತ್ತರಿಸಿ, ವರ್ಷವರ್ಷ ಕೊಯ್ಲಿನ ನಂತರ ಸವರಿ 15 ಅಡಿಯ ಆಸುಪಾಸಿನಲ್ಲಿ ಇಟ್ಟುಕೊಳ್ಳಬಹುದು. ಫಸಲಿಗೆ ದೊಡ್ಡ ನಷ್ಟವಿಲ್ಲ, ಕಾಯಿ ಕೈಗೆಟುಕುತ್ತದೆ. ಸಂಪಿಗೆಯನ್ನು ಎಳೆಯದರಲ್ಲೇ ಹಗುರವಾಗಿ ಸವರಿ ರೂಪ ಕೊಡಿ. ದಪ್ಪ ಕೊಂಬೆಯನ್ನು ಒಮ್ಮೆಲೇ ಕಡಿದರೆ ಗಾಯ ಮಾಯದೆ ಕೊಳೆಯುವುದುಂಟು.

ಕೊನೆಯದಾಗಿ, ಮುಂದೆ ತೊಂದರೆಯಾದರೆ ಕಡಿದರಾಯಿತು ಎಂದುಕೊಳ್ಳುವವರಿಗೆ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕಾಗುತ್ತದೆ, ವಿನಾಯಿತಿ ಇರುವುದು ಕೆಲವು ಜಾತಿಗಳಿಗಷ್ಟೇ. ನೆಡುವ ದಿನವೇ ಟೇಪು ಹಿಡಿದು ಗೋಡೆ, ತಂತಿ, ಪೈಪು, ನೆರೆಮನೆಯ ಗಡಿ ಎಲ್ಲವನ್ನೂ ಅಳೆದುಕೊಳ್ಳಿ. ಅಳತೆ ಕೂಡಿಬಂದರೆ ಹಲಸಾದರೂ ಸಂಪಿಗೆಯಾದರೂ ಮೊಮ್ಮಕ್ಕಳ ಕಾಲಕ್ಕೂ ಉಳಿಯುವ ಆಸ್ತಿ.